ಐದನೇ ತೂತು

ಗೇರ್ ಹಾಕಾಕ ಕೋಲಿಲ್ಲ ಈ ಗಾಡಿಗೆ,
ಸ್ಟೇರಿಂಗಿನ ಬಾಜೂಕ ಐದು ಗುಂಡಿ.
ಮ್ಯಾಲಿನ ಅಕ್ಷರ ಸವದು ಹೋಗ್ಯಾವ. ಇದ್ದರೂ
ಲಾಡಸಾಬ ಸನದಿಗೆ ಇಂಗ್ಲೀಷ ಓದಾಕ ಬರೂದಿಲ್ಲ,
ತಂದ ಹೆಸರು ಇಟ್ಟಾನ:
ಹಿಂದ. ಸುಮ್ಮ. ನಡಿ. ದಮ್ಮು. ಘಾಟ.
ನಿಲ್ಲು ಅನ್ನೂ ಗುಂಡಿ ಮಾಡಿದವರು ಇಟ್ಟಿಲ್ಲ.
ನಿಂದರಬೇಕಂದ್ರ ಕೈಬ್ರೇಕು,
ಇಲ್ಲಾ ಗಾಲಿಗೆ ಒಂದು ಕಲ್ಲು.

ಗಾಡಿ ಕುಮುದಿನಿಬಾಯಿ ಚೌಗುಲೆಯವರದು.
ಶಹಾಪುರದಾಗ ಟೈಪಿಂಗ್ ಕ್ಲಾಸು, ಮೂವತ್ತೆಂಟು ವರ್ಷ;
ಗುಂಡಿ ನೋಡಿ ಒತ್ತಾಕಿ ಅಲ್ಲ.
ಹನ್ನೊಂದು ವರ್ಷಾತು, ಹಿಂದ ಒತ್ತಿದರ
ಗುರ್ ಅಂತೈತಿ, ಕದಲೂದಿಲ್ಲ.
ಆಕಿ ಯಾರ ಮುಂದೂ ಹೇಳಲಿಲ್ಲ.
ತಲಿಯಾಗ ಬ್ಯಾರೆ ಬೆಳಗಾವಿ ಬರಕೊಂಡಳು:
ಹತ್ತರ ಮ್ಯಾಲ ಖಡೇ ಬಜಾರ ಬ್ಯಾಡ,
ಕ್ಯಾಂಪಿನಾಗ ರಸ್ತೆ ಅಗಲ, ಚಿಂತಿಲ್ಲ,
ಬ್ಯಾಂಕಿನ ಮುಂದ ಬೇವಿನ ಗಿಡ, ಒಂದು ಸುತ್ತು ಹಾಕಿದರ ಆತು,
ಅನಗೋಳದಾಗ ತಂಗಿ ಮನಿ ಓಣಿ,
ಕಡೀಕ ಬರೇ ಗ್ವಾಡಿ. ಅಲ್ಲಿಗೆ ಹೋಗಬಾರದು.
ತಂಗಿ ಸಿಟ್ಟಾದಳು. ಅಕ್ಕ ದೊಡ್ಡಾಕಿ ಆಗ್ಯಾಳ ಅಂತ
ಬೀಗರ ಮನಿತನಕ ಸಾರಿದಳು.
ಗೇರ್ ಬೀಳೂದಿಲ್ಲಂದ್ರ ಯಾರು ನಂಬತಾರ?

ನಡಕೋತ ಹೋಗಬಹುದಿತ್ತಲ್ರೀ, ಅಂದೆ ನಾನು.
ಆಕಿ ನನ್ನ ನೋಡಿದಳು,
ಒಂದ ಸಾಲಿನಾಗ ನಾಕು ತಪ್ಪು ಹೊಡದ ಹುಡುಗನ್ನ ನೋಡಿಧಂಗ.

ಉದ್ಯಮಬಾಗ. ಬಾಜೂ ಫೌಂಡ್ರಿಯಾಗ ಅವತ್ತ ಎರಕ,
ಗಾಳ್ಯಾಗೆಲ್ಲ ಸುಟ್ಟ ಉಸುಕಿನ ವಾಸನಿ.
ಮ್ಯಾಲ ಗುಂಡಿ ಮ್ಯಾಲ ನನ್ನ ಬಟ್ಟು,
ಕೆಳಗ ಗುಂಡಿಯಾಗ ಲಾಡಸಾಬ.
ನಮ್ಮ ಭಾಷಾ ಕಂಜೂಷ,
ಎರಡಕ್ಕೂ ಒಂದ ಹೆಸರು.
ಆತಗ ಕಿವಿ ಮಂದ, ಒದರಿ ಉಪಯೋಗಿಲ್ಲ.
ಪಾನಾದಲೆ ಒಂದು ಬಡದರ ಒತ್ತು,
ಎರಡು ಬಡದರ ಬಿಡು.

ಠಣ್.

ಒತ್ತಿ ಹಿಡದೆ. ಎಂಜಿನ್ ಬಂದ್ ಇತ್ತು.
ಕೇಬಲ್ಲು ಮೆಲ್ಲಕ ಒಳಗ ಸರದಿದ್ದು
ಬಟ್ಟಿಗೆ ತಿಳೀತು, ಗಾಳಕ್ಕ ಮೀನ ಬಾಯಿ ಹಚ್ಚಿಧಂಗ.
ಚಕ್ರ ಬಲಕ್ಕ ತಿರುವಿ, ತಿರುವಿ,
ಡಬ್ಬಿಗೆ ತಾಗಿದ ಕೂಡಲೆ ತಡದು
ಎಡಕ್ಕ ಎಣಸಾಕ ಹತ್ತಿದ, ಜೋರಲೆ,
ತನಗ ಕೇಳಸೂವಷ್ಟು ಜೋರಲೆ:
ಏಕ್. ದೋ. ತೀನ್.
ಅಲ್ಲಿ ನಿಂತು ಬೈದ.
“ತೀನಕ್ಕ ಬಿಗದು ಕಳಿಸ್ಯಾನ ಯಾವನೋ!
ಪಾಂಚ್ ಬೇಕು. ಎರಡು ತೂತಿನ ಸಲುವಾಗಿ
ಹನ್ನೊಂದು ವರ್ಷ ಏನವಾ ಬಾಯಿ!”
ಐದನೇ ತೂತಿಗೆ ಸ್ಕ್ರೂ.
ಠಣ್ ಠಣ್.
ನನ್ನ ಬಟ್ಟಿನ ತುದಿಗೆ ಚೌಕ ಗುರ್ತು ಮೂಡಿತ್ತು.

ಕುಮುದಿನಿಬಾಯಿ ಚಾದ ಬಟ್ಟಲ ಬೆಂಚಿನ ಮ್ಯಾಲಿಟ್ಟಳು.
“ಟೈಪ್‌ರೈಟರಿಗೂ ಹಿಂದ ಹೋಗೂ ಕೀಲಿ ಇರತೈತಿ, ತಮ್ಮಾ.
ಅದೇನ ಅಕ್ಷರ ಅಳಸೂದಿಲ್ಲ.
ಒಂದ ಮನಿ ಹಿಂದ ಒಯ್ದು ನಿಂದರಸತೈತಿ.
ಅಷ್ಟ.”

ಕುಂತಳು. ಚಾಲೂ ಮಾಡಿದಳು. ಹಿಂದ.
ಗಾಡಿ ಹೊಂಟಿತು, ಹಿಂದಕ್ಕ, ಬೆಣ್ಣಿಯಾಗಿನ ಕೂದಲಧಂಗ,
ಆಕಿ ಮಾತ್ರ ರೂಢಿ ಬಿಡದ
ಮುಂದಿನ ಕಾಜಿನ್ಯಾಗಿಂದ ನೆಟ್ಟಗ ಎದುರಿಗೆ ನೋಡಾಕತ್ತಿದ್ದಳು.
ಆಯಿಲ್ ಡ್ರಮ್ಮು ಉರುಳಿತು.
ಅದು ಲಾಡಸಾಬಗೂ ಕೇಳಿತು.

ನೆಗ್ಗಿದ್ದು ಬಡದು ಎತ್ತತೀನಿ ಅಂದ, ನಕ್ಕೋತ.
ಬ್ಯಾಡ, ಇರಲಿ, ಅಂದಳು. ಬಿಲ್ಲು ಕೇಳಿದಳು.
ಸ್ಕ್ರೂ ಬಿಗದಿದ್ದಕ್ಕ ಏನ ಬಿಲ್ಲು?
ಇನ್ನೂರು ತಗೊಂಡ, ಎಣಸೂ ಕೂಲಿ ಅಂತ.

ಮರುದಿನ ಅನಗೋಳದ ಹಾಲಿನ ಹುಡುಗ ಹೇಳಿದ:
ಬಂಪರ್ ನೆಗ್ಗಿದ ಉದ್ದನ್ನ ಹಸರು ಗಾಡಿ
ಒಂದು ಓಣಿ ಬಾಯಾಗ ನಿಂತಿತ್ತಂತ,
ಎಂಜಿನ್ ಚಾಲೂ, ಕಾಲು ತಾಸು.
ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.
ಯಾವ ಗುಂಡಿ ಒತ್ತಿತ್ತಲೇ ಅಂತ
ಲಾಡಸಾಬ ಅವನ್ನ ಎರಡು ಸಲ ಕೇಳಿದ.
ಅವಗೇನ ಗೊತ್ತು.
ಸುಮ್ಮ ಇರಬೇಕು, ಅಂದ ಕಡೀಕ ತಾನ,
ಸುಮ್ಮ ಒತ್ತಿ ಕುಂತಿರಬೇಕು,
ಗ್ವಾಡಿ ಎಷ್ಟು ದೂರೈತಿ ನೋಡಕೋತ.